ಬೆಂಗಳೂರು–ದೆಹಲಿ: ಫ್ಲೈಟ್ ಮೇಲೆ ಫ್ಲೈಟ್ ಬರ್ತಿದೆ, ಟಿಕೆಟ್ ರೇಟ್ ಯಾಕೆ ಇಳೀತಿಲ್ಲ?

ವಿಮಾನಪುರದವ

ಬೆಂಗಳೂರು–ದೆಹಲಿ ನಡುವೆ ಬೆಳಗಿನ ಜಾವದಿಂದ ನಡುರಾತ್ರಿವರೆಗೂ ವಿಮಾನ ಇದೆ. ಇಂಡಿಗೋ, ಏರ್ ಇಂಡಿಯಾ, ಏರ್ ಇಂಡಿಯಾ ಎಕ್ಸ್‌ಪ್ರೆಸ್, ಆಕಾಸಾ ಎಲ್ಲರೂ ಇದೇ ಮಾರ್ಗಕ್ಕೆ ಮುಗಿಬೀಳ್ತಾರೆ. ಒಬ್ಬರು ಒಂದು ಹಾಕಿದರೆ ಇನ್ನೊಬ್ಬರು ಅದರ ಹದಿನೈದು ನಿಮಿಷ ಹಿಂದೆ ಮುಂದೆ ಇನ್ನೊಂದು ಹಾಕ್ತಾರೆ. ಪೂರೈಕೆ ಹೆಚ್ಚಾದರೆ ಬೆಲೆ ಇಳೀಬೇಕು ಅಂತ ಪಿಯುಸಿಯಲ್ಲೇ ಓದಿದ್ದೇವೆ. ಆದರೆ ಸೋಮವಾರ ಬೆಳಿಗ್ಗೆ, ಶುಕ್ರವಾರ ಸಂಜೆಯ ದರ ಜಪ್ಪಯ್ಯ ಅಂದರೂ ಇಳಿಯಲ್ಲ. ಶೆಡ್ಯೂಲು, ಸ್ಲಾಟು, ದರ ನಿರ್ಧಾರ ಗೊತ್ತಿರೋರು ಬಿಡಿಸಿ ಹೇಳಿ. “ಎಲ್ಲಾ ಕಾರ್ಟೆಲ್ ಗುರು” ಅನ್ನೋ ಒಂದು ಸಾಲಿನ ಉತ್ತರ ಬೇಡ.

ಕಾಫಿಪುಡಿ

ಎಲ್ಲಾ ಕಾರ್ಟೆಲ್ ಗುರು.

ಲೋಡ್‌ಫ್ಯಾಕ್ಟರ್_85

ಸರ್, ಈ ಮಾರ್ಗದಲ್ಲಿ ಫ್ಲೈಟ್ ಸೇರಿಸೋದು ಬರೀ ಸೀಟು ಮಾರೋಕಲ್ಲ. ವೇಳಾಪಟ್ಟಿ ಮಾರೋಕೆ. ಕಂಪನಿ ಖರ್ಚಲ್ಲಿ ಓಡಾಡೋ ಪ್ರಯಾಣಿಕನಿಗೆ ಬೇಕಾಗಿರೋದು “ಮೀಟಿಂಗ್ ಬೇಗ ಮುಗಿದರೆ 5ರದ್ದು, ಎಳೆದರೆ 8ರದ್ದು” ಅನ್ನೋ ಅನುಕೂಲ. ದಿನಕ್ಕೆ ಮೂರು ಫ್ಲೈಟ್ ಇರೋ ಸಂಸ್ಥೆ ಅದನ್ನ ಕೊಡೋಕಾಗಲ್ಲ. ಒಂದೊಂದು ಗಂಟೆಗೆ ಒಂದು ಇರೋರು ಕೊಡ್ತಾರೆ. ಅದಕ್ಕೇ ಒಂದು ಮಾರ್ಗದ ಫ್ಲೈಟ್‌ಗಳಲ್ಲಿ ಶೇ 60 ಪಾಲು ಇದ್ದವರಿಗೆ ಪ್ರಯಾಣಿಕರಲ್ಲಿ ಶೇ 60ಕ್ಕಿಂತ ಹೆಚ್ಚು ಸಿಗುತ್ತೆ, ಅದರಲ್ಲೂ ಕೊನೇ ಗಳಿಗೆಯಲ್ಲಿ ದುಬಾರಿ ಟಿಕೆಟ್ ಕೊಳ್ಳೋರು ಅವರ ಕಡೆಗೇ ಹೋಗ್ತಾರೆ. ಶೇ 20 ಇದ್ದವರಿಗೆ ಇಪ್ಪತ್ತೂ ದಕ್ಕಲ್ಲ. ಗ್ರಾಫ್ ಹಾಕಿದರೆ ಎಸ್ ಆಕಾರ ಬರೋದರಿಂದ ಇದಕ್ಕೆ ಎಸ್-ಕರ್ವ್ ಅಂತಾರೆ. ಎದುರಾಳಿ 7:00ಕ್ಕೆ ಹಾಕಿದ್ದು ನೋಡಿ 6:45ಕ್ಕೆ ಒಂದು ಹಾಕೋದು ಹೊಟ್ಟೆಕಿಚ್ಚಿಗಲ್ಲ, ಈ ಲೆಕ್ಕಕ್ಕೆ.

ಈಗ ಖರ್ಚು. ದೂರ ಸುಮಾರು 1,700 ಕಿ.ಮೀ. ಎ320 ನಿಯೋ ಒಂದು ಸಲ ಹೋಗೋಕೆ ಅಂದಾಜು 5 ಟನ್ ಇಂಧನ ಸುಡುತ್ತೆ, ಅಂದರೆ 6,250 ಲೀಟರ್ ಆಸುಪಾಸು. ಕಿಲೋಲೀಟರ್‌ಗೆ ₹90,000 ಅಂತ ಹಿಡಿದರೆ ₹5.6 ಲಕ್ಷ. 186 ಸೀಟಿಗೆ ಹಂಚಿದರೆ ತಲಾ ₹3,000. ಶೇ 85 ಸೀಟು ತುಂಬಿದರೆ ತಲಾ ₹3,550 ಹತ್ತಿರ. ಇದು ಬರೀ ಇಂಧನ. ವಿಮಾನದ ಬಾಡಿಗೆ, ಎಂಜಿನ್ ನಿರ್ವಹಣೆ, ಸಿಬ್ಬಂದಿ, ಲ್ಯಾಂಡಿಂಗ್ ಶುಲ್ಕ, ಮಾರ್ಗ ಶುಲ್ಕ ಎಲ್ಲಾ ಸೇರಿದರೆ ಅದರ ಎರಡೂವರೆ ಪಟ್ಟಿನ ಸುತ್ತಮುತ್ತ ನಿಲ್ಲುತ್ತೆ. ₹4,500ಕ್ಕೆ ಟಿಕೆಟ್ ಸಿಕ್ಕಿತು ಅಂದರೆ ಆ ಸೀಟು ಇಂಧನ ದಾಟಿ ಸ್ವಲ್ಪ ಉಳಿಸಿದೆ ಅಷ್ಟೇ. ಆ ನಷ್ಟ ತುಂಬೋದು ಸೋಮವಾರ ಬೆಳಿಗ್ಗೆ ₹11,000 ಕೊಟ್ಟವರು.

ಎಟಿಎಫ್ (ವಿಮಾನದ ಇಂಧನ) ಇನ್ನೂ ಜಿಎಸ್‌ಟಿ ಒಳಗೆ ಬಂದಿಲ್ಲ ಅನ್ನೋದೂ ನೆನಪಿರಲಿ. ರಾಜ್ಯ ರಾಜ್ಯಕ್ಕೂ ಮಾರಾಟ ತೆರಿಗೆ ಬೇರೆ. ಕಡಿಮೆ ತೆರಿಗೆ ಇರೋ ಊರಲ್ಲಿ ಜಾಸ್ತಿ ತುಂಬಿಸಿಕೊಂಡು ಹೋಗೋದು ಎಲ್ಲ ಸಂಸ್ಥೆಗಳ ರೂಢಿ. ಹೆಚ್ಚುವರಿ ಇಂಧನ ಹೊತ್ತಷ್ಟೂ ಸುಡೋದೂ ಹೆಚ್ಚಾಗುತ್ತೆ, ಅದನ್ನ ಕಳೆದ ಮೇಲೂ ಲಾಭ ಉಳಿದರೆ ಮಾತ್ರ ಮಾಡ್ತಾರೆ.

ವಿಮಾನಪುರದವ

ಎಸ್-ಕರ್ವ್ ಅರ್ಥ ಆಯ್ತು. ಆದರೆ ಒಂದೇ ಸಂಸ್ಥೆಯ 6:00, 6:45, 7:30 ಮೂರೂ ದುಬಾರಿ ಇರುತ್ತೆ, 13:00ರದ್ದು ಅಗ್ಗ. ಮೂರು ಹಾಕಿದರೂ ದರ ಇಳಿಯಲ್ಲ ಅಂದರೆ?

ಲೋಡ್‌ಫ್ಯಾಕ್ಟರ್_85

ಪ್ರತಿ ಫ್ಲೈಟಲ್ಲೂ ಎಕಾನಮಿ ಸೀಟುಗಳನ್ನ ಹತ್ತು ಹದಿನೈದು ದರದ ಬಕೆಟ್‌ಗಳಿಗೆ ಹಂಚಿರ್ತಾರೆ. ಮಧ್ಯಾಹ್ನದ ಫ್ಲೈಟಲ್ಲಿ ಕೆಳಗಿನ ಬಕೆಟ್‌ಗಳಿಗೆ 80 ಸೀಟು ಬಿಟ್ಟರೆ, ಸೋಮವಾರ 6:45ಕ್ಕೆ ಅದೇ ಬಕೆಟ್‌ಗಳಿಗೆ ಹತ್ತು ಸೀಟೂ ಬಿಡಲ್ಲ (ಸಂಖ್ಯೆಗಳು ಅರ್ಥ ಆಗಲಿ ಅಂತ). ಹಿಂದಿನ ವರ್ಷ ಅದೇ ವಾರ, ಅದೇ ಹೊತ್ತಿಗೆ ಎಷ್ಟು ಬೇಗ ಬುಕ್ ಆಗಿತ್ತು ಅನ್ನೋ ವಕ್ರರೇಖೆ ಅವರ ಹತ್ತಿರ ಇರುತ್ತೆ. ಆ ರೇಖೆಗಿಂತ ಮುಂದೆ ಹೋಗ್ತಿದ್ದರೆ ಕೆಳಗಿನ ಬಕೆಟ್ ಮುಚ್ಚುತ್ತೆ, ಹಿಂದೆ ಬಿದ್ದರೆ ತೆರೆಯುತ್ತೆ.

ಹೊಸ ಫ್ಲೈಟ್ ಬಂದಾಗ ದರ ಇಳಿಯೋದು ಎರಡೇ ಸಂದರ್ಭದಲ್ಲಿ. ಒಂದು, ಬೇರೆ ಸಂಸ್ಥೆ ಅದೇ ಪೀಕ್ ಹೊತ್ತಿಗೆ ಬಂದಾಗ. ಇಬ್ಬರೂ ಪರಸ್ಪರರ ದರವನ್ನ ದಿನಕ್ಕೆ ಹಲವು ಸಲ ನೋಡ್ತಾ ಬಕೆಟ್ ತೆರೀತಾರೆ. ಎರಡು, ಸೇರಿಸಿದ ಸೀಟು ಬೇಡಿಕೆಗಿಂತ ನಿಜವಾಗಿಯೂ ಜಾಸ್ತಿ ಆದಾಗ. ಒಂದೇ ಸಂಸ್ಥೆ ತನ್ನದೇ ಎರಡು ಫ್ಲೈಟ್ ನಡುವೆ ಮೂರನೇದನ್ನ ತೂರಿಸಿದರೆ ತನ್ನ ದರವನ್ನ ತಾನೇ ಕಡಿಯೋಕೆ ಅದಕ್ಕೇನು ದರ್ದು? ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ಕ್ಕೆ ನಿಂತಿತು, ಗೋ ಫಸ್ಟ್ 2023ರ ಮೇ 3ಕ್ಕೆ. ಏರ್ ಏಷ್ಯಾ ಇಂಡಿಯಾ ಆಗಿದ್ದದ್ದು 2024ರ ಅಕ್ಟೋಬರ್ 1ರಂದು ಏರ್ ಇಂಡಿಯಾ ಎಕ್ಸ್‌ಪ್ರೆಸ್ ಜೊತೆ, ವಿಸ್ತಾರ ಅದೇ ನವೆಂಬರ್ 12ರಂದು ಏರ್ ಇಂಡಿಯಾ ಜೊತೆ ಸೇರಿತು. ಫ್ಲೈಟ್ ಸಂಖ್ಯೆ ಏರಿದರೂ ಸ್ವತಂತ್ರವಾಗಿ ದರ ಹಾಕೋ ಕೈಗಳ ಸಂಖ್ಯೆ ಇಳೀತು. ದೇಶೀಯ ಮಾರುಕಟ್ಟೆಯಲ್ಲಿ ಇಂಡಿಗೋ ಒಂದರದ್ದೇ ಶೇ 60ಕ್ಕೂ ಹೆಚ್ಚು. ಕಾಫಿಪುಡಿಯವರೇ, ಇದಕ್ಕೆ ಕಾರ್ಟೆಲ್ ಬೇಕಾಗಿಲ್ಲ, ಇಬ್ಬರೇ ಉಳಿದರೆ ಸಾಕು.

ಸ್ಲಾಟ್‌ಶಾಸ್ತ್ರಿ

ಇಲ್ಲಿ ಎಲ್ಲರೂ “ಫ್ಲೈಟ್ ಹಾಕ್ತಾರೆ” ಅಂತ ಸಲೀಸಾಗಿ ಬರೀತಿದ್ದೀರಿ. ಪೀಕ್ ಹೊತ್ತಿಗೆ ಹಾಕೋದು ಹೇಗೆ ಅಂತ ಹೇಳ್ತೀನಿ ಕೇಳಿ.

ವರ್ಷಕ್ಕೆ ಎರಡು ಸೀಸನ್. ಬೇಸಿಗೆ ವೇಳಾಪಟ್ಟಿ ಮಾರ್ಚ್‌ನ ಕೊನೇ ಭಾನುವಾರದಿಂದ, ಚಳಿಗಾಲದ್ದು ಅಕ್ಟೋಬರ್‌ನ ಕೊನೇ ಭಾನುವಾರದಿಂದ. ಸ್ಲಾಟ್ ಅಂದರೆ ನಿರ್ದಿಷ್ಟ ದಿನ, ನಿರ್ದಿಷ್ಟ ಹೊತ್ತಿಗೆ ಇಳಿಯೋ ಅಥವಾ ಹಾರೋ ಅನುಮತಿ. ಒಂದೇ ವಾರದ ದಿನ, ಒಂದೇ ಹೊತ್ತಿಗೆ ಕನಿಷ್ಠ ಐದು ವಾರದ ಸ್ಲಾಟ್ ಸೇರಿದರೆ ಒಂದು ಸರಣಿ. ಆ ಸರಣಿಯಲ್ಲಿ ಶೇ 80 ಹಾರಿಸಿದರೆ ಮುಂದಿನ ವರ್ಷದ ಅದೇ ಸೀಸನ್‌ಗೂ ಅದು ನಿಮ್ಮದೇ. ಇದಕ್ಕೆ ಐತಿಹಾಸಿಕ ಹಕ್ಕು ಅಂತಾರೆ. ಹಾರಿಸದೆ ಬಿಟ್ಟರೆ ಸಾಮಾನ್ಯ ಪೂಲ್‌ಗೆ ಹೋಗುತ್ತೆ, ಪೂಲ್‌ನ ಅರ್ಧ ಹೊಸಬರಿಗೆ ಆದ್ಯತೆ.

ಅಂದರೆ ದೆಹಲಿಯ 8:30ರ ಲ್ಯಾಂಡಿಂಗ್ ಸ್ಲಾಟ್ ಯಾರ ಕೈಯಲ್ಲಿದೆಯೋ ಅವರು ಅದನ್ನ ಬಿಡೋದೇ ಇಲ್ಲ. ಸೀಟು ಖಾಲಿ ಇದ್ದರೂ ಹಾರಿಸ್ತಾರೆ. ಹೊಸಬರಿಗೆ ಸಿಗೋದು 13:00, 15:00, ಇಲ್ಲವೇ ರಾತ್ರಿ 11ರ ಮೇಲಿನದ್ದು. ಆಕಾಸಾ 2022ರ ಆಗಸ್ಟ್‌ನಲ್ಲಿ ಶುರುವಾದಾಗ ದೊಡ್ಡ ನಿಲ್ದಾಣಗಳಲ್ಲಿ ಬಯಸಿದ ಹೊತ್ತು ಸುಲಭಕ್ಕೆ ಸಿಗದಿದ್ದಕ್ಕೆ ಈ ವ್ಯವಸ್ಥೆಯೇ ಕಾರಣ.

ಇನ್ನೊಂದು ವಿಷಯ, ಸ್ಲಾಟ್ ಜೋಡಿ ಸೇರಬೇಕು. ಬೆಂಗಳೂರಲ್ಲಿ 6:00ಕ್ಕೆ ಹಾರೋಕೆ ಅನುಮತಿ ಸಿಕ್ಕಿ, ದೆಹಲಿಯಲ್ಲಿ 8:50ಕ್ಕೆ ಇಳಿಯೋಕೆ ಸಿಗದೆ 10:10ಕ್ಕೆ ಸಿಕ್ಕಿದರೆ ಉಪಯೋಗ ಇಲ್ಲ. ಬೆಂಗಳೂರಿಗೆ ಎರಡನೇ ರನ್‌ವೇ 2019ರ ಡಿಸೆಂಬರ್‌ನಲ್ಲಿ ಬಂತು, ಟರ್ಮಿನಲ್ 2ರಲ್ಲಿ ದೇಶೀಯ ಸೇವೆ 2023ರ ಜನವರಿಯಲ್ಲಿ ಶುರುವಾಯ್ತು. ನಮ್ಮ ಕಡೆ ಜಾಗ ಇದೆ. ದೆಹಲಿಗೂ ನಾಲ್ಕನೇ ರನ್‌ವೇ 2023ರ ಜುಲೈನಲ್ಲಿ ಸೇರಿತು, ಆದರೂ ಬೆಳಿಗ್ಗೆ 7ರಿಂದ 10, ಸಂಜೆ 5ರಿಂದ 9 ಅಲ್ಲಿ ಸೂಜಿ ಹಾಕೋಕೂ ಜಾಗ ಇರಲ್ಲ. ರನ್‌ವೇ ಇದ್ದರೆ ಸಾಲದು, ರಾತ್ರಿ ನಿಲ್ಲಿಸೋಕೆ ಪಾರ್ಕಿಂಗ್ ಬೇ ಬೇಕು, ಟರ್ಮಿನಲ್‌ನಲ್ಲಿ ಭದ್ರತಾ ತಪಾಸಣೆಯ ಸಾಮರ್ಥ್ಯ ಬೇಕು. ಮೂರರಲ್ಲಿ ಯಾವುದು ಕಡಿಮೆಯೋ ಅದೇ ಮಿತಿ.

2025ರಲ್ಲಿ ದೆಹಲಿಯ 10/28 ರನ್‌ವೇಯನ್ನ ಮೇಲ್ದರ್ಜೆಗೇರಿಸೋಕೆ ಮುಚ್ಚಿದಾಗ ಇದು ಕಣ್ಣಿಗೆ ಕಾಣ್ತು. ಏಪ್ರಿಲ್‌ನಲ್ಲಿ ಪೂರ್ವದ ಗಾಳಿ ಬೀಸಿದ ದಿನಗಳಲ್ಲಿ ಇಳಿಯೋ ಸಾಮರ್ಥ್ಯ ಕುಸಿದು ವಿಳಂಬ ವಿಪರೀತ ಆಯ್ತು. ಕೆಲಸ ನಿಲ್ಲಿಸಿ ರನ್‌ವೇ ಮತ್ತೆ ತೆರೆದು, ಜೂನ್ ನಡುವಿನಿಂದ ಮುಂದುವರಿಸಬೇಕಾಯ್ತು.

ಕಾಫಿಪುಡಿ

ಹಾಗಾದರೆ ಸ್ಲಾಟ್ ಹಿಡಿದಿಟ್ಟುಕೊಳ್ಳೋಕೆ ಸಣ್ಣ ವಿಮಾನ ಹಾರಿಸಿ, ಟವೆಲ್ ಹಾಕಿ ಸೀಟು ಹಿಡಿಯೋ ಥರ ಮಾಡಬಹುದಲ್ಲ?

ಸ್ಲಾಟ್‌ಶಾಸ್ತ್ರಿ

ನಿಯಮ ಕೇಳೋದು ಹಾರಿಸಿದ್ದೀರಾ ಅಂತ, ಎಷ್ಟು ಸೀಟು ಅಂತಲ್ಲ. ಹಾಗಾಗಿ ಮಾಡಬಹುದು, ಹೊರದೇಶಗಳಲ್ಲಿ ಮಾಡಿದ್ದೂ ಉಂಟು. ಆದರೆ ಬೆಂಗಳೂರು–ದೆಹಲಿಯಲ್ಲಿ ಬೇಡಿಕೆ ಇರೋದರಿಂದ ಇಲ್ಲಿ ನಡೆಯೋದು ಅದರ ತದ್ವಿರುದ್ಧ. ಹೊಸ ಸ್ಲಾಟ್ ಸಿಗದಿದ್ದರೆ ಇದ್ದ ಸ್ಲಾಟಿಗೇ ದೊಡ್ಡ ವಿಮಾನ. 186 ಸೀಟಿನ ಎ320 ತೆಗೆದು 232 ಸೀಟಿನ ಎ321 ಹಾಕಿದರೆ 46 ಸೀಟು ಹೆಚ್ಚು, ತಿಂಗಳಿಗೆ ಒಂದು ದಿಕ್ಕಲ್ಲಿ 1,380. ಯಾರನ್ನೂ ಕೇಳಬೇಕಾಗಿಲ್ಲ. ಪೈಲಟ್‌ಗಳು ಅವರೇ, ಲ್ಯಾಂಡಿಂಗೂ ಒಂದೇ. ಇಂಡಿಗೋ ಬಿಸಿನೆಸ್ ದರ್ಜೆ ತಂದಾಗಲೂ ಎ321ನಲ್ಲೇ ತಂದಿದ್ದು: 12 ದೊಡ್ಡ ಸೀಟು, 208 ಎಕಾನಮಿ. 2024ರ ನವೆಂಬರ್‌ನಲ್ಲಿ ದೆಹಲಿ–ಮುಂಬೈಗೆ ಮೊದಲು, ಆಮೇಲೆ ದೆಹಲಿ–ಬೆಂಗಳೂರಿಗೆ.

ಅತ್ತ ಏರ್ ಇಂಡಿಯಾ ಹೊಸ ಎ350 ಬಂದಾಗ ಸಿಬ್ಬಂದಿಗೆ ರೂಢಿಯಾಗಲಿ ಅಂತ 2024ರ ಜನವರಿಯಿಂದ ದೇಶದೊಳಗಿನ ದೊಡ್ಡ ಊರುಗಳ ನಡುವೆ ಹಾರಿಸಿತ್ತು. 316 ಸೀಟಿನ ವಿಮಾನ. ಹೊಟ್ಟೆಯಲ್ಲಿ ಸರಕಿಗೂ ಭರಪೂರ ಜಾಗ. ಅದು ಇದ್ದ ದಿನ ಅಕ್ಕಪಕ್ಕದ ಫ್ಲೈಟ್‌ಗಳ ದರವನ್ನ ಗಮನಿಸಿದವರಿಗೆ ಸಾಮರ್ಥ್ಯ ಏನು ಮಾಡುತ್ತೆ ಅಂತ ಗೊತ್ತಿರುತ್ತೆ.

ರೋಸ್ಟರ್_ರಾಣಿ

ಸೀಟು, ಸ್ಲಾಟು ಎರಡೂ ಆಯ್ತು. ಹಾರಿಸೋರು ಯಾರು ಅನ್ನೋದು ಯಾರೂ ಬರೀಲಿಲ್ಲ. ಈ ಮಾರ್ಗದಲ್ಲೇ ದಿನವಿಡೀ ಓಡೋ ಒಂದು ವಿಮಾನದ ದಿನಚರಿ ತಗೊಳ್ಳಿ:

ಬೆಂಗಳೂರು 06:00 – ದೆಹಲಿ 08:50
ದೆಹಲಿ 09:35 – ಬೆಂಗಳೂರು 12:25
ಬೆಂಗಳೂರು 13:10 – ದೆಹಲಿ 16:00
ದೆಹಲಿ 16:45 – ಬೆಂಗಳೂರು 19:35
ಬೆಂಗಳೂರು 20:20 – ದೆಹಲಿ 23:10, ರಾತ್ರಿ ಅಲ್ಲೇ ಹಾಲ್ಟ್

ಐದು ಸೆಕ್ಟರ್ (ಅಂದರೆ ಐದು ಹಾರಾಟ), 14 ಗಂಟೆ 10 ನಿಮಿಷ ಬ್ಲಾಕ್ ಟೈಮ್ (ಒಂದು ನಿಲ್ದಾಣದ ಬೇ ಬಿಟ್ಟು ಇನ್ನೊಂದರ ಬೇ ಸೇರೋವರೆಗಿನ ಹೊತ್ತು), ನಡುವೆ 45 ನಿಮಿಷದ ನಾಲ್ಕು ಟರ್ನ್‌ಅರೌಂಡ್ (ಇಳಿದು ಮತ್ತೆ ಹೊರಡೋಕೆ ಬೇಕಾದ ಹೊತ್ತು). ಆ 45 ನಿಮಿಷದಲ್ಲಿ ಇಳಿಸೋದು 12–15 ನಿಮಿಷ, ಸ್ವಚ್ಛತೆ 8–10, ಇಂಧನ ಜೊತೆಜೊತೆಗೇ, ಹತ್ತಿಸೋದು 20. ಬಸ್ ಬೇ ಸಿಕ್ಕಿ ಏರೋಬ್ರಿಜ್ ತಪ್ಪಿದರೆ ಇಳಿಸೋದರಲ್ಲೇ ಇನ್ನೂ ಐದಾರು ನಿಮಿಷ ಹೋಗುತ್ತೆ. ಹಾರಾಟ ನಿಜಕ್ಕೂ ಎರಡು ಕಾಲು–ಎರಡೂವರೆ ಗಂಟೆ. 2:50 ಅಂತ ಬರೆಯೋದು ಟ್ಯಾಕ್ಸಿ, ದೆಹಲಿಯ ಆಕಾಶದಲ್ಲಿ ಸುತ್ತು ಹಾಕೋದು ಎಲ್ಲಾ ಸೇರಿಸಿ. “ಅರ್ಧ ಗಂಟೆ ತಡವಾಗಿ ಹೊರಟರೂ ಟೈಮಿಗೆ ಬಂತು” ಅನ್ನೋದರ ಗುಟ್ಟು ಇದೇ.

ಡಿಸೆಂಬರ್–ಜನವರಿಯಲ್ಲಿ ಮೊದಲನೇ ಸೆಕ್ಟರೇ ದೆಹಲಿ ಮಂಜಲ್ಲಿ ಎರಡು ಗಂಟೆ ತಡ ಆದರೆ, ಮುಂದಿನ ನಾಲ್ಕೂ ಅದನ್ನ ಹೊತ್ತುಕೊಂಡೇ ಹೋಗುತ್ತೆ. ಟರ್ನ್‌ಅರೌಂಡ್ ಹಿಂಡಿ 35ಕ್ಕೆ ತಂದರೂ ಉಳಿಯೋದು 40 ನಿಮಿಷ. ರಾತ್ರಿಯ ಕೊನೇ ವಿಮಾನ ದೆಹಲಿ ಮುಟ್ಟೋದು 00:30ಕ್ಕೆ.

ಇಲ್ಲಿ ಪೈಲಟ್‌ಗಳ ಹೊಸ ಕರ್ತವ್ಯ ಅವಧಿ ನಿಯಮ ಕಚ್ಚುತ್ತೆ. 2025ರ ಜುಲೈ 1 ಮತ್ತು ನವೆಂಬರ್ 1, ಹೀಗೆ ಎರಡು ಹಂತದಲ್ಲಿ ಜಾರಿಗೆ ಬಂದದ್ದು. ವಾರದ ವಿಶ್ರಾಂತಿ 36 ಗಂಟೆಯಿಂದ 48 ಆಯ್ತು. ರಾತ್ರಿ ಅಂದರೆ ಮೊದಲು 00:00–05:00 ಇತ್ತು, ಈಗ 00:00–06:00. ಕರ್ತವ್ಯ ಈ ಅವಧಿಗೆ ಚಾಚಿದರೆ ಎರಡೇ ಲ್ಯಾಂಡಿಂಗ್, ಮೊದಲು ಆರರವರೆಗೂ ಇತ್ತು. 6:00ರ ಫ್ಲೈಟ್‌ಗೆ ಸಿಬ್ಬಂದಿ 5:00ಕ್ಕೇ ವರದಿ ಮಾಡ್ಕೋಬೇಕು, ಹಾಗಾಗಿ ಅದೂ ರಾತ್ರಿ ಲೆಕ್ಕ. ಅವರು ದೆಹಲಿಗೆ ಹೋಗಿ ಬಂದರೆ ಎರಡು ಲ್ಯಾಂಡಿಂಗ್ ಮುಗೀತು, ಆಮೇಲೆ ಹೈದರಾಬಾದ್ ಕೊಡೋಕಾಗಲ್ಲ. ರಾತ್ರಿಯ ಕೊನೇ ಸೆಕ್ಟರ್‌ನವರು ಮುಂಚೆ ಕೊಚ್ಚಿಗೆ ಹೋಗಿ ಬಂದಿದ್ದರೆ ದೆಹಲಿ ಅವರ ಮೂರನೇ ಲ್ಯಾಂಡಿಂಗ್. 23:10 ಅಂದರೆ ಹನ್ನೆರಡಕ್ಕೆ 50 ನಿಮಿಷ ಬಾಕಿ. ತಿಳಿದ ರೋಸ್ಟರ್‌ನವರು (ಸಿಬ್ಬಂದಿಗೆ ಡ್ಯೂಟಿ ಹಂಚೋರು) ಅಷ್ಟು ಸಣ್ಣ ಅಂತರ ನಂಬಿ ಮೂರನೇದನ್ನ ಕೊಡಲ್ಲ. ಪೀಕ್‌ನಲ್ಲಿ ಒಂದು ಜೋಡಿ ಫ್ಲೈಟ್ ಸೇರಿಸಿದರೆ ಮೊದಲಿಗಿಂತ ಹೆಚ್ಚು ಪೈಲಟ್‌ಗಳು ಬೇಕು ಅನ್ನೋದು ಹೀಗೆ.

ವಿಮಾನಪುರದವ

2025ರ ಡಿಸೆಂಬರ್ ಆರಂಭದ ಇಂಡಿಗೋ ಗೊಂದಲ ಇದರದ್ದೇ ಅಲ್ವಾ ಮೇಡಂ?

ರೋಸ್ಟರ್_ರಾಣಿ

ಹೌದು. ಚಳಿಗಾಲದ ವೇಳಾಪಟ್ಟಿಯಲ್ಲಿ ಫ್ಲೈಟ್ ಹೆಚ್ಚಿಸಿದ್ದಾರೆ, ಎರಡನೇ ಹಂತದ ನಿಯಮ ಬಂದಿದೆ, ಅದಕ್ಕೆ ತಕ್ಕ ಪೈಲಟ್ ಲೆಕ್ಕ ಇಲ್ಲ. ಇಂಡಿಗೋ ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಹೆಚ್ಚು ಫ್ಲೈಟ್ ರದ್ದು ಮಾಡಿತು. ವಿಮಾನಯಾನ ನಿಯಂತ್ರಕ ಡಿಜಿಸಿಎ ತಾತ್ಕಾಲಿಕ ವಿನಾಯಿತಿ ಕೊಟ್ಟಿತು, ಕೊನೆಗೆ ಸಂಸ್ಥೆಯ ವೇಳಾಪಟ್ಟಿಯಲ್ಲಿ ಶೇ 10 ಕಡಿತ ಮಾಡಿಸಿದರು. ಕಡಿತಕ್ಕೆ ಮೊದಲು ಸಿಗೋದು ಒಂದೇ ಊರಿಗೆ ಹತ್ತಾರು ಇರೋ ಇಂಥ ಮಾರ್ಗವೇ. ಒಂದು ರದ್ದಾದರೆ ಪ್ರಯಾಣಿಕರನ್ನ ಮುಂದಿನದಕ್ಕೆ ತುಂಬಬಹುದಲ್ಲ. ಹುಬ್ಬಳ್ಳಿ–ದೆಹಲಿ ದಿನಕ್ಕೊಂದು, ಅದನ್ನ ತೆಗೆದರೆ ಜನರಿಗೆ ದಾರಿಯೇ ಇಲ್ಲ.

ಧಾರವಾಡ_ಫೇಡೆ

ಹುಬ್ಬಳ್ಳಿ ಹೆಸರು ಬಂತು ಅಂದಮ್ಯಾಲೆ ನಾನೂ ಒಂದು ಮಾತು ಹೇಳತೀನಿ. ದಿಲ್ಲಿ–ಬೆಂಗಳೂರಿಗೆ ಫ್ಲೈಟ್ ಹಚ್ಚಿದ್ರ ನಮಗೇನು ಬಂತು ಅಂತ ಭಾಳ ಮಂದಿ ಕೇಳತಾರ. ಬರತೈತಿ ನೋಡ್ರಿ, ಕಾನೂನಿನಾಗ ಐತಿ.

ಮಾರ್ಗ ಹಂಚಿಕಿ ನಿಯಮ ಅಂತ 1994ರಿಂದ ಐತಿ, 2016ರ ನಾಗರಿಕ ವಿಮಾನಯಾನ ನೀತಿಯೊಳಗ ಅದನ್ನ ತಿದ್ದಿದ್ರು. ದಿಲ್ಲಿ–ಬೆಂಗಳೂರು ಮೊದಲಿಂದನೂ ಒಂದನೇ ವರ್ಗ. ಅಲ್ಲಿ ಎಷ್ಟು ಸಾಮರ್ಥ್ಯ ಹಾಕತೀರೋ ಅದರ ಶೇ 10 ಎರಡನೇ ವರ್ಗಕ್ಕ, ಅಂದ್ರ ಈಶಾನ್ಯ, ಜಮ್ಮು-ಕಾಶ್ಮೀರ, ಹಿಮಾಚಲ, ಉತ್ತರಾಖಂಡ, ಅಂಡಮಾನ್, ಲಕ್ಷದ್ವೀಪ ಮಾರ್ಗಕ್ಕ ಹಾಕಬೇಕು. ಶೇ 35 ಮೂರನೇ ವರ್ಗ, ಉಳಿದ ಎಲ್ಲಾ ಊರು. ಅಳತಿ ಸೀಟು-ಕಿಲೋಮೀಟರ್‌ನಾಗ.

ಲೆಕ್ಕ ಹಾಕೂಣು. 186 ಸೀಟು, 1,700 ಕಿ.ಮೀ., ಒಂದು ಸಲ ಹೋದ್ರ 3.16 ಲಕ್ಷ ಸೀಟು-ಕಿ.ಮೀ. ಅದರ ಶೇ 35 ಅಂದ್ರ 1.1 ಲಕ್ಷ. ಬೆಂಗಳೂರು–ಹುಬ್ಬಳ್ಳಿ ನೇರ ಅಂತರ 370 ಕಿ.ಮೀ. ಆಸುಪಾಸು, ಎಟಿಆರ್ ಅನ್ನೋ ಸಣ್ಣ ಪಂಖಾ ವಿಮಾನದಾಗ 78 ಸೀಟು, ಒಂದು ಸಲಕ್ಕ ಸುಮಾರು 29,000. ಅಂದ್ರ ದಿಲ್ಲಿಗೆ ಒಂದು ಹೋದ್ರ ಹುಬ್ಬಳ್ಳಿಯಂಥ ಊರಿಗೆ ನಾಕು ಎಟಿಆರ್ ಹಾರಾಟದಷ್ಟು ಜವಾಬ್ದಾರಿ. ಬೆಂಗಳೂರಿಂದ ಲಕ್ಷದ್ವೀಪದ ಅಗತ್ತಿಗೆ ಹೋಗೋ ಎಟಿಆರ್ ಎರಡನೇ ವರ್ಗ, 650 ಕಿ.ಮೀ. × 78 ಅಂದ್ರ 50,000 ದಾಟತೈತಿ, ಒಂದೂವರಿ ದಿಲ್ಲಿ ಫ್ಲೈಟಿನ ಶೇ 10 ಅದರಾಗ ಮುಗೀತು.

ಆದ್ರ ಒಂದು ಹಿಕಮತ್ತು. ನಮ್ಮೂರಿಗೇ ಹಾಕಬೇಕಂತ ಎಲ್ಲೂ ಬರದಿಲ್ಲ. ಮೂರನೇ ವರ್ಗದಾಗ ದೊಡ್ಡೂರು-ದೊಡ್ಡೂರು ನಡುವಿನ ಮಾರ್ಗನೂ ಬರತಾವ. ಅಲ್ಲೇ ಲೆಕ್ಕ ತುಂಬಿಸಿಬಿಡತಾರ. ಅದಕ್ಕ ಬೆಳಗಾವಿ, ಕಲಬುರಗಿ, ಬೀದರ್‌ದವ್ರು ಹೊಯ್ಕೊಂಡ್ರೂ ಸಿಗಲಿಲ್ಲ ಅಂದ್ರ ಇದು ಒಂದು ಕಾರಣ.

ಕಾಫಿಪುಡಿ

ನಾಲ್ಕು ಎಟಿಆರ್ ಲೆಕ್ಕ ಚೆನ್ನಾಗಿದೆ. ನನ್ನ ಕಾರ್ಟೆಲ್ ಸಿದ್ಧಾಂತಕ್ಕೆ ಪೆಟ್ಟು ಬೀಳ್ತಾ ಇದೆ. ದರಕ್ಕೆ ಮಿತಿ ಹಾಕಬಹುದಲ್ಲ ಸರ್ಕಾರ?

ಲೋಡ್‌ಫ್ಯಾಕ್ಟರ್_85

ಹಾಕಿದ್ದರು. ಡಿಸೆಂಬರ್ 6, 2025ರಂದು ತಾತ್ಕಾಲಿಕ ಮಿತಿ: 500 ಕಿ.ಮೀ.ವರೆಗೆ ₹7,500, 1,000ದವರೆಗೆ ₹12,000, 1,500ರವರೆಗೆ ₹15,000, ಅದಕ್ಕೂ ದೂರಕ್ಕೆ ₹18,000. ತೆರಿಗೆ, ನಿಲ್ದಾಣದ ಶುಲ್ಕ ಬಿಟ್ಟು, ಎಕಾನಮಿಗೆ ಮಾತ್ರ. ಬೆಂಗಳೂರು–ದೆಹಲಿ 1,500 ದಾಟೋದರಿಂದ ₹18,000 ಸಾಲಿಗೆ ಬಂತು. ಸಾಮಾನ್ಯ ದಿನದ ಸೋಮವಾರ ಬೆಳಗಿನ ದರಕ್ಕಿಂತ ಅದೇ ಮೇಲಿದೆ ನೋಡಿ. ವಿಪತ್ತಿನಲ್ಲಿ ₹40,000 ಆಗೋದನ್ನ ತಡೆಯೋಕೆ ಇಂಥ ಮಿತಿ ಸರಿ. ದಿನನಿತ್ಯದ ದರ ಇಳಿಸೋಕೆ ಇದರಿಂದ ಆಗಲ್ಲ. ಮಿತಿಯನ್ನ ₹8,000ಕ್ಕೆ ಇಳಿಸಿದರೆ ಪೀಕ್ ಸೀಟು ಮೊದಲ ದಿನವೇ ಖಾಲಿಯಾಗುತ್ತೆ, ಮಧ್ಯಾಹ್ನದ ₹4,500 ಟಿಕೆಟ್ ಮಾಯ ಆಗುತ್ತೆ.

ಹಳೇ_ಎಚ್‌ಎಎಲ್

ಅಗ್ಗದ ದರ ನೋಡಬೇಕು ಅನ್ನೋರು 2003–08 ಓದಿ. ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ 2003ರ ಆಗಸ್ಟ್‌ನಲ್ಲಿ ಶುರುವಾಯ್ತು, ಒಂದು ರೂಪಾಯಿ ಟಿಕೆಟ್ ಮಾರಿತು. 2005ರಲ್ಲಿ ಕಿಂಗ್‌ಫಿಷರ್, ಸ್ಪೈಸ್‌ಜೆಟ್, 2006ರ ಆಗಸ್ಟ್‌ನಲ್ಲಿ ಇಂಡಿಗೋ. ಎಲ್ಲರೂ ಇದೇ ಮೆಟ್ರೊ ಮಾರ್ಗಗಳಿಗೆ ವಿಮಾನ ಸುರಿದರು. ದರ ನೆಲ ಕಚ್ಚಿತು, 2008ರಲ್ಲಿ ಕಚ್ಚಾತೈಲ ಬ್ಯಾರೆಲ್‌ಗೆ 140 ಡಾಲರ್ ದಾಟಿತು. ಡೆಕ್ಕನ್ ಕಿಂಗ್‌ಫಿಷರ್ ತೆಕ್ಕೆಗೆ ಹೋಯ್ತು, ಕಿಂಗ್‌ಫಿಷರ್ 2012ರಲ್ಲಿ ನಿಂತಿತು. ಉಳಿದವರು ಒಂದೇ ಬಗೆಯ ವಿಮಾನ ದೊಡ್ಡ ಸಂಖ್ಯೆಯಲ್ಲಿ ಆರ್ಡರ್ ಮಾಡಿ, ಅವನ್ನ ಮಾರಿ ಮತ್ತೆ ಬಾಡಿಗೆಗೆ ಪಡೆದು, ಖರ್ಚು ಹಿಡಿತದಲ್ಲಿಟ್ಟವರು. ಆ ಅಗ್ಗದ ಟಿಕೆಟ್ ಹಣ ಬಂದದ್ದು ಹೂಡಿಕೆದಾರರ ಮತ್ತು ಬ್ಯಾಂಕ್‌ಗಳ ಜೇಬಿಂದ, ದಕ್ಷತೆಯಿಂದಲ್ಲ.

ಇನ್ನೊಂದು, ಫ್ಲೈಟ್ ಸೇರಿಸೋಕೆ ವಿಮಾನವೇ ಸಾಲದ ಕಾಲ ಇದು. ಪ್ರ್ಯಾಟ್ ಅಂಡ್ ವಿಟ್ನಿ ಗೇರ್ಡ್ ಟರ್ಬೊಫ್ಯಾನ್ ಎಂಜಿನ್‌ನಲ್ಲಿ ಬಳಸಿದ ಲೋಹದ ಪುಡಿಯ ದೋಷ 2023ರಲ್ಲಿ ಬಯಲಾದ ಮೇಲೆ ಹತ್ತಾರು ಎ320 ನಿಯೋಗಳು ತಪಾಸಣೆಗೆ ಎಂಜಿನ್ ಬಿಚ್ಚಿಕೊಂಡು ನಿಂತವು. ಗೋ ಫಸ್ಟ್ ಮುಳುಗಿದ್ದಕ್ಕೂ ಎಂಜಿನ್ ಕೊರತೆಯನ್ನೇ ಕಾರಣ ಕೊಟ್ಟಿತು.

ಗೌಡ್ರು_ದ್ವಾರಕಾ

ದೆಹಲಿ ಕಡೆಯಿಂದ ಉಪಯೋಗಕ್ಕೆ ಬರೋ ಮಾತು. ಫ್ಲೈಟ್ ಜಾಸ್ತಿ ಆದಂತೆ ಟರ್ಮಿನಲ್ ಗೊಂದಲವೂ ಜಾಸ್ತಿ. ಬೆಂಗಳೂರಲ್ಲಿ ಸರಳ: ಏರ್ ಇಂಡಿಯಾ, ಎಕ್ಸ್‌ಪ್ರೆಸ್ ಟಿ2, ಇಂಡಿಗೋ, ಆಕಾಸಾ ಟಿ1. ದೆಹಲಿಯಲ್ಲಿ ಇಂಡಿಗೋ ಒಂದೇ ಟರ್ಮಿನಲ್‌ನಲ್ಲಿಲ್ಲ, ಒಂದೇ ದಿನದ ಎರಡು ಫ್ಲೈಟ್ ಬೇರೆ ಬೇರೆ ಕಡೆಯಿಂದ ಹೊರಡಬಹುದು. 2024ರ ಜೂನ್ 28ರಂದು ಟಿ1 ಚಾವಣಿ ಕುಸಿದಾಗ ಒಮ್ಮೆ ಹೊರಳಿಸಿದರು, 2025ರ ಏಪ್ರಿಲ್‌ನಲ್ಲಿ ಟಿ2 ನವೀಕರಣಕ್ಕೆ ಮುಚ್ಚಿದಾಗ ಇನ್ನೊಮ್ಮೆ. ಟಿ2, ಟಿ3 ಅಕ್ಕಪಕ್ಕ, ನಡೆದೇ ಹೋಗಬಹುದು. ಟಿ1 ಬೇರೆ ದಿಕ್ಕು, ರಸ್ತೆಯಲ್ಲಿ ಹಲವು ಕಿ.ಮೀ. ಮೆಟ್ರೊದಲ್ಲಿ ಟಿ1ಕ್ಕೆ ಮೆಜೆಂಟಾ ಮಾರ್ಗ, ಟಿ3ಕ್ಕೆ ಏರ್‌ಪೋರ್ಟ್ ಎಕ್ಸ್‌ಪ್ರೆಸ್. ಫ್ಲೈಟ್ ಬದಲಿಸಿಕೊಂಡರೆ ಹೊಸ ಬೋರ್ಡಿಂಗ್ ಪಾಸ್‌ನಲ್ಲಿ ಟರ್ಮಿನಲ್ ಮತ್ತೆ ನೋಡಿ, ಹಳೇದೇ ಅಂತ ಕ್ಯಾಬ್ ಹತ್ತಬೇಡಿ.

ನೋಯ್ಡಾ, ಗಾಜಿಯಾಬಾದ್, ಪೂರ್ವ ದೆಹಲಿಯವರು ಹಿಂಡನ್ ನೋಡಿ. ವಾಯುಪಡೆಯ ನೆಲೆ, ಪಕ್ಕದಲ್ಲಿ ಸಣ್ಣ ನಾಗರಿಕ ಟರ್ಮಿನಲ್. ಹಿಂದೆ ಸ್ಟಾರ್ ಏರ್‌ನವರು 2019ರಲ್ಲಿ ಹುಬ್ಬಳ್ಳಿಗೆ ಹಾರಿಸಿದ್ದು ಇಲ್ಲಿಂದಲೇ. 2025ರ ಮಾರ್ಚ್‌ನಿಂದ ಎಕ್ಸ್‌ಪ್ರೆಸ್, ಜುಲೈನಿಂದ ಇಂಡಿಗೋ ಬೆಂಗಳೂರಿಗೆ ಶುರು ಮಾಡಿದವು. ಐಜಿಐ (ದೆಹಲಿಯ ಮುಖ್ಯ ನಿಲ್ದಾಣ) ಸ್ಲಾಟ್ ಸಿಗದಿದ್ದಾಗ ಸ್ಪರ್ಧೆ ಹೀಗೆ ಪಕ್ಕದ ನಿಲ್ದಾಣಕ್ಕೆ ಹರಿಯುತ್ತೆ. ಕೆಂಪು ಮಾರ್ಗದ ಮೆಟ್ರೊ ಹತ್ತಿರದವರೆಗೆ ಬರುತ್ತೆ, ಕೊನೇ ಕೆಲವು ಕಿ.ಮೀ. ಆಟೊ. ಗುರುಗ್ರಾಮಕ್ಕೆ ಹೋಗೋರಿಗೆ ಮಾತ್ರ ಬೇಡವೇ ಬೇಡ, ಟಿಕೆಟಲ್ಲಿ ಉಳಿಸಿದ್ದು ಕ್ಯಾಬ್‌ಗೆ ಹೋಗುತ್ತೆ.

ವಿಮಾನಪುರದವ

ಮಂಜಿನ ದಿನ ಫ್ಲೈಟ್ ರದ್ದಾದರೆ, ತಡವಾದರೆ ಏನು ಸಿಗುತ್ತೆ? ಎರಡು ಗಂಟೆಗೆ ತಿಂಡಿ ಕೊಡಬೇಕು ಅಂತಾರಲ್ಲ.

ಸ್ಲಾಟ್‌ಶಾಸ್ತ್ರಿ

ಈ ಮಾರ್ಗಕ್ಕೆ ಅಲ್ಲ. ಬ್ಲಾಕ್ ಟೈಮ್ ಎರಡೂವರೆ ಗಂಟೆವರೆಗಿದ್ದರೆ 2 ಗಂಟೆ ತಡಕ್ಕೆ, ಎರಡೂವರೆಯಿಂದ ಐದು ಗಂಟೆ ಇದ್ದರೆ 3 ಗಂಟೆ ತಡಕ್ಕೆ. 2:50 ಇರೋದರಿಂದ ನಮಗೆ ಮೂರು ಗಂಟೆ. ಕೌಂಟರ್‌ನಲ್ಲಿ ಜಗಳ ಶುರು ಮಾಡೋ ಮುಂಚೆ ಇದು ಗೊತ್ತಿರಲಿ. ಆರು ಗಂಟೆ ದಾಟಿದರೆ ಬೇರೆ ಫ್ಲೈಟ್ ಅಥವಾ ಪೂರ್ತಿ ಹಣ, ಆಯ್ಕೆ ನಿಮ್ಮದು.

ಮುನ್ಸೂಚನೆ ಇಲ್ಲದೆ ರದ್ದು ಮಾಡಿ ಬದಲಿ ವ್ಯವಸ್ಥೆಯನ್ನೂ ಸರಿಯಾಗಿ ಮಾಡದಿದ್ದರೆ, ಎರಡು ಗಂಟೆ ಮೀರಿದ ಬ್ಲಾಕ್ ಟೈಮ್‌ಗೆ ₹10,000 ಅಥವಾ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತ, ಎರಡರಲ್ಲಿ ಕಡಿಮೆ ಇರೋದು. ಮಂಜು, ಗಾಳಿ-ಮಳೆ, ವಾಯು ಸಂಚಾರ ನಿಯಂತ್ರಣದ ತಡೆ ಇದಕ್ಕೆ ಬರಲ್ಲ. ಸಿಬ್ಬಂದಿ ಕೊರತೆಯನ್ನ ಹವಾಮಾನ ಅಂತ ಹೇಳಿದರೆ ಅದೇ ಹೊತ್ತಿಗೆ ಬೇರೆ ಸಂಸ್ಥೆಗಳ ವಿಮಾನ ಹಾರಿದ್ದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಸಂದೇಶ ಅಳಿಸಬೇಡಿ, ಸರ್ಕಾರದ ದೂರು ಪೋರ್ಟಲ್ ಏರ್‌ಸೇವಾದಲ್ಲಿ ದೂರು ಹಾಕಿ. ಸೀಟು ಮೀರಿ ಮಾರಿ ಹತ್ತಿಸದೆ ಬಿಟ್ಟರೆ ಬೇರೆ ಲೆಕ್ಕ: ಮೂಲ ಹೊರಡೋ ಹೊತ್ತಿಂದ ಒಂದು ಗಂಟೆಯೊಳಗಿನ ಬದಲಿ ಕೊಟ್ಟರೆ ಏನೂ ಇಲ್ಲ, 24 ಗಂಟೆಯೊಳಗೆ ಕೊಟ್ಟರೆ ಮೂಲ ದರದ ಎರಡು ಪಟ್ಟು, ಗರಿಷ್ಠ ₹10,000, ಅದಕ್ಕೂ ತಡವಾದರೆ ನಾಲ್ಕು ಪಟ್ಟು, ಗರಿಷ್ಠ ₹20,000. ಒಂದೊಂದು ಗಂಟೆಗೆ ಫ್ಲೈಟ್ ಇರೋ ಸಂಸ್ಥೆಗೆ ಆ ಒಂದು ಗಂಟೆಯ ವಿನಾಯಿತಿ ಎಷ್ಟು ಅನುಕೂಲ ಅಂತ ಯೋಚನೆ ಮಾಡಿ.

ಕಾಫಿಪುಡಿ

ಸರಿ, ಶುಕ್ರವಾರ ಸಂಜೆ ದೆಹಲಿಯಿಂದ ಬೆಂಗಳೂರಿಗೆ ಕಡಿಮೆ ದರದಲ್ಲಿ ಬರೋಕೆ ಏನು ಮಾಡಬೇಕು? ಇನ್‌ಕಾಗ್ನಿಟೊದಲ್ಲಿ ಹುಡುಕಿ ಅಂತ ಮಾತ್ರ ಹೇಳಬೇಡಿ.

ಲೋಡ್‌ಫ್ಯಾಕ್ಟರ್_85

ಅದು ಬರೀ ಗಾಳಿಮಾತು, ದರ ಬದಲಾಗೋದು ಬಕೆಟ್‌ನಿಂದ. ಸಂಜೆ 5ರಿಂದ 9 ಬಿಟ್ಟು ರಾತ್ರಿ 10ರ ಮೇಲಿನದನ್ನ ಅಥವಾ ಶನಿವಾರ ಬೆಳಗಿನ ಮೊದಲನೇದನ್ನ ನೋಡಿ, ಬಹುತೇಕ ವಾರ ಅಲ್ಲೇ ದೊಡ್ಡ ವ್ಯತ್ಯಾಸ. ಹೋಗೋದು ಬರೋದು ಬೇರೆ ಬೇರೆ ಸಂಸ್ಥೆಯಲ್ಲಿ ಒನ್‌ವೇ ತಗೊಳ್ಳಿ, ಈ ಮಾರ್ಗದಲ್ಲಿ ರೌಂಡ್‌ಟ್ರಿಪ್‌ಗೆ ಅಂತ ರಿಯಾಯಿತಿ ಸಾಮಾನ್ಯವಾಗಿ ಇರಲ್ಲ. ನಾಲ್ವರಿಗೆ ಒಟ್ಟಿಗೆ ಹುಡುಕಿದರೆ ನಾಲ್ಕೂ ಸೀಟು ಒಂದೇ ಬಕೆಟ್‌ನಲ್ಲಿ ಸಿಗಬೇಕು, ಕೆಳಗಿನದರಲ್ಲಿ ಎರಡೇ ಉಳಿದಿದ್ದರೆ ನಾಲ್ವರಿಗೂ ಮೇಲಿನ ದರ ಬೀಳುತ್ತೆ. ಎರಡೆರಡಾಗಿ ಹುಡುಕಿ ನೋಡಿ.

ಸ್ಲಾಟ್‌ಶಾಸ್ತ್ರಿ

ಇದಕ್ಕೆ ಇನ್ನೊಂದು ಸೇರಿಸ್ತೀನಿ. ಬೇಸಿಗೆಗೆ ಬೇಡದ ಸ್ಲಾಟ್ ವಾಪಸ್ ಮಾಡೋ ಕೊನೇ ದಿನ ಜನವರಿ 15, ಚಳಿಗಾಲಕ್ಕೆ ಆಗಸ್ಟ್ 15. ಹಾಗೆ ಬಿಟ್ಟ ಸ್ಲಾಟಿಗೆ ಬೇರೆಯವರು ಹಾಕೋ ಹೊಸ ಫ್ಲೈಟ್‌ಗಳು ಅದರ ನಂತರದ ವಾರಗಳಲ್ಲಿ ಮಾರಾಟಕ್ಕೆ ಬರುತ್ತವೆ. ಹೊಸ ಫ್ಲೈಟ್‌ಗೆ ಹಿಂದಿನ ವರ್ಷದ ಬುಕಿಂಗ್ ರೇಖೆ ಇರಲ್ಲ, ಹಾಗಾಗಿ ಶುರುವಲ್ಲಿ ಕೆಳಗಿನ ಬಕೆಟ್ ಉದಾರವಾಗಿ ತೆರೆದಿರ್ತಾರೆ. ದೀಪಾವಳಿ, ಕ್ರಿಸ್‌ಮಸ್ ಟಿಕೆಟ್ ಬೇಕಾದವರು ಸೆಪ್ಟೆಂಬರ್‌ನಲ್ಲಿ ಒಮ್ಮೆ ಪಟ್ಟಿ ತೆರೆದು, ಹಿಂದೆ ಇಲ್ಲದ ಫ್ಲೈಟ್ ನಂಬರ್ ಯಾವುದು ಬಂದಿದೆ ನೋಡಿ.